ಬೆಳೆಯುವ ಕಲ್ಲು



ಈಚೆಗೆ ಮದಲೂರಿಗೆ ಹೋಗಿದ್ದಾಗ, ಉತ್ತ ಹೊಲವೊಂದರ ಬದುವಿನಲ್ಲಿ ಆಯ್ದು ಹಾಕಿದ್ದ ಬಿಳಿಯ ಗಂಟುಗಲ್ಲುಗಳ ರಾಶಿಯನ್ನು ಕಂಡೆ. ನಮ್ಮ ಸಿರಾ ಸೀಮೆಯವರಿಗೆ ಸುಣ್ಣಕಲ್ಲು ಅಪರಿಚಿತವೇನಲ್ಲ. ಒಂದನ್ನು ಕೈಗೆತ್ತಿಕೊಂಡೊಡನೆ 1986ರ ಒಂದು ತರಗತಿ ಕಣ್ಮುಂದೆ ಬಂದು ನಿಂತಿತು.

ಅಂದು ಕ್ಯಾಲ್ಸಿಯಂ ಕಾರ್ಬೊನೇಟಿನ ಪಾಠ. ಕಡಲಜೀವಿಗಳ ಚಿಪ್ಪುಗಳು ತಳದಲ್ಲಿ ಸಂಚಯಗೊಂಡು ಸುಣ್ಣಶಿಲೆಯಾಗುವುದನ್ನು ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ಮನೆಯವರು ಗೂಡಿನಲ್ಲಿ ಸುಣ್ಣ ಸುಡುತ್ತಿದ್ದರು. "ಸಾರ್, ನಮ್ಮ ಕಡೆ ಸಮುದ್ರ ಇಲ್ವಲ್ಲ. ಈ ಕಲ್ಲು ಹೊಲದಾಗೇ ಬೆಳೀತೈತೆ" ಎಂದ. "ಬೆಳೆಯೋದಕ್ಕೆ ಅದೇನು ಕಡಲೇಕಾಯಿಯೇನೋ?" ಎಂದೆ. ತರಗತಿಯೆಲ್ಲ ನಕ್ಕಿತು. ಅವನು ಕುಳಿತ, ಆ ವರ್ಷ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಬಹಳ ವರ್ಷಗಳ ಬಳಿಕ ಭೂವಿಜ್ಞಾನದ ಪುಸ್ತಕವೊಂದನ್ನು ಓದುವಾಗ ನನ್ನ ತಪ್ಪು ತಿಳಿಯಿತು. ಮಳೆಯ ನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗುತ್ತದೆ. ಬಂಡೆಯ ಖನಿಜಗಳಿಂದ ಕ್ಯಾಲ್ಸಿಯಂ ಅನ್ನು ಬಿಡಿಸಿ ಬೈಕಾರ್ಬೊನೇಟ್ ರೂಪದಲ್ಲಿ ಒಯ್ಯುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಅದು ಹೊಳೆಗೆ ತೊಳೆದುಹೋಗುತ್ತದೆ. ನಮ್ಮ ಬಯಲುಸೀಮೆಯಲ್ಲಾದರೋ ನೀರು ಆಳಕ್ಕಿಳಿಯುವ ಮೊದಲೇ ಬಿಸಿಲಿಗೂ ಬೇರಿಗೂ ಆಹುತಿಯಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಮಣ್ಣಿನಲ್ಲಿಯೇ ಪದರಪದರವಾಗಿ ಗಂಟುಕಟ್ಟುತ್ತದೆ. ಇದನ್ನೇ ಕಂಕರ್ ಎನ್ನುತ್ತಾರೆ. ವರ್ಷವರ್ಷವೂ ಹೊಸ ಕಲ್ಲನ್ನು ಮೇಲೆತ್ತುವುದು ನೇಗಿಲು. ಅದು ಬೆಳೆಯಲು ಸಾವಿರಾರು ವರ್ಷಗಳು ಬೇಕು. ಆದರೆ ಬೆಳೆಯುವುದಂತೂ ನಿಜ!

ಆ ಕಲ್ಲಿನ ಗುಣವನ್ನು ಅವನ ಮನೆಯವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟಸುಣ್ಣ ಉಳಿಯುತ್ತದೆಂದು ನಾನು ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದೆ. ಗೂಡಿನಿಂದ ತೆಗೆದ ಕಲ್ಲು ಹಗುರಾಗಿರುತ್ತದೆಂದು ಅವರ ಕೈಗಳಿಗೇ ಗೊತ್ತಿತ್ತು. ನೀರೆರೆದರೆ ಅದು ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಹೀರಿ ಮರಳಿ ಕಾರ್ಬೊನೇಟ್ ಆಗುತ್ತದೆ.

ಸುಣ್ಣಕಲ್ಲಿನ ಚೂರಿಗೆ ನಿಂಬೆರಸ ಹಿಂಡಿದರೆ ಗುಳ್ಳೆಯೇಳುವುದನ್ನು ಆಮೇಲಿನ ಪ್ರತಿ ತರಗತಿಗೂ ತೋರಿಸಿದೆ. "ಇದು ಎಲ್ಲಿಂದ ಬಂತು?" ಎಂದು ಮೊದಲು ಮಕ್ಕಳನ್ನೇ ಕೇಳುತ್ತಿದ್ದೆ. ಆ ಅಭ್ಯಾಸವನ್ನು ಕಲಿಸಿದವನು ಆ ಹುಡುಗ. ಸುಣ್ಣ ಕಳೆದುಕೊಂಡದ್ದನ್ನು ಗಾಳಿ ಮರಳಿಸುತ್ತದೆ. ನಾನು ಅಂದು ಅವನಿಂದ ಕಿತ್ತುಕೊಂಡದ್ದನ್ನು ಮರಳಿಸಲಾಗಲಿಲ್ಲ.

ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಮೇಷ್ಟ್ರು ತಡವಾಗಿ ಒಪ್ಪಿಕೊಳ್ಳುತ್ತಿದ್ದಾರೆ. ಅಂದು ಕುಳಿತುಕೊಳ್ಳಬೇಕಾಗಿದ್ದವನು ನಾನು.