ಕಾಫಿಮನೆಯ ಮನೆಪಾಠ

ತಿರುವನಂತಪುರದ ತಂಪಾನೂರು ಬಸ್ ನಿಲ್ದಾಣದ ಬಳಿ, ಸುರುಳಿಸುತ್ತಿ ಮೇಲೇರಿದ ಕೆಂಪು ಗೋಪುರದಂಥ ಕಟ್ಟಡವೊಂದಿದೆ. ಅದೇ ಇಂಡಿಯನ್ ಕಾಫಿ ಹೌಸ್. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆನಿಂತ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಅವರ ಕೃತಿಯಿದು.

ಮಹಡಿಯ ಮೇಲೆ ಮಹಡಿ ಎಂಬ ಕ್ರಮ ಅಲ್ಲಿಲ್ಲ. ನೆಲವೇ ಇಳಿಜಾರಾಗಿ ಸುತ್ತುತ್ತ ಏರುತ್ತದೆ. ಗೋಡೆಯುದ್ದಕ್ಕೂ ಕಟ್ಟಿದ ಕಟ್ಟೆಗಳೇ ಆಸನ, ಕಟ್ಟಿದ ಹಲಗೆಗಳೇ ಮೇಜು. ಗೋಡೆಯಲ್ಲಿ ಬಿಟ್ಟ ಸಾಲು ಕಿಂಡಿಗಳಿಂದ ಗಾಳಿ ಬೆಳಕುಗಳು ಒಳಬರುತ್ತವೆ. ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳೇ ಅಲಂಕಾರ!

ಅತಿಥಿಗಳು ಮೆಚ್ಚಲೆಂದು ಕಂತಿನಲ್ಲಿ ಸೋಫಾ ಕೊಂಡು, ಮಕ್ಕಳು ಕಾಲುಚಾಚಲು ಎಡೆಯಿಲ್ಲದಂತೆ ಮಾಡಿಕೊಂಡ ನಗರದ ಸಂಸಾರಗಳು ಇದನ್ನೊಮ್ಮೆ ನೋಡಬೇಕು. ನಮ್ಮ ಹತ್ತಡಿಯ ಕೋಣೆಗೂ ಈ ಉಪಾಯ ಸಲ್ಲುತ್ತದೆ. ಕಿಟಕಿಯ ಕೆಳಗೆ, ಗೋಡೆಗೊತ್ತಿ ಒಂದು ಉದ್ದನೆಯ ಮರದ ಪೆಟ್ಟಿಗೆ, ಮೇಲೊಂದು ಜಮಖಾನ. ಹಗಲು ಅದು ಆಸನ, ಇರುಳು ಮಂಚ. ಒಳಗೆ ಹೊದಿಕೆಗಳ ಉಗ್ರಾಣ. ನಡುವಿನ ನೆಲವೆಲ್ಲ ಮಕ್ಕಳದು. ಬಾಡಿಗೆಯ ಮನೆಯಾದರೂ ಚಿಂತೆಯಿಲ್ಲ. ಮನೆ ಬದಲಿಸುವಾಗ ಪೆಟ್ಟಿಗೆಯೂ ಜೊತೆಗೆ ಬರುತ್ತದೆ.

ಜಗಲಿಯನ್ನೂ ಗೋಡೆಗೂಡನ್ನೂ ಬಲ್ಲ ಕನ್ನಡಿಗರಿಗೆ ಈ ವಿವೇಕ ಪರಕೀಯವೇನಲ್ಲ. ಆಧುನಿಕತೆಯೆಂಬುದು ಅಂಗಡಿಯಿಂದಲೇ ಬರಬೇಕೆಂದು ನಂಬಿದವರು, ಆ ಕಟ್ಟೆಯ ಮೇಲೆ ಕುಳಿತು ಒಂದು ಲೋಟ ಕಾಫಿ ಕುಡಿದು ಬರಲಿ.