ರಕ್ತ ಒಪ್ಪಿಸುವ ಲೆಕ್ಕ

ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರ ಅಂಗಿಯ ಮೇಲೆ ಪುಟ್ಟ ಬ್ಯಾಡ್ಜೊಂದನ್ನು ನೀವು ನೋಡಿರಬಹುದು. ಮೈಗೆ ಎಷ್ಟು ವಿಕಿರಣ ತಾಗಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಗುಜರಿ ಆಯುವವರಿಗೆ ಅಂಥ ಬ್ಯಾಡ್ಜ್ ಎಲ್ಲಿಂದ ಬರಬೇಕು?

1987ರಲ್ಲಿ ಬ್ರೆಜಿಲ್ ದೇಶದ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯವೊಂದರಿಂದ ಕ್ಯಾನ್ಸರ್ ಯಂತ್ರದ ಭಾಗವನ್ನು ಹೊತ್ತು ತಂದು ಗುಜರಿಗೆ ಮಾರಿದರು. ಒಳಗಿದ್ದ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ನೆಂಟರಿಷ್ಟರಿಗೂ ಹಂಚಿದರು. ನಾಲ್ವರು ತೀರಿಕೊಂಡರು. ತಪಾಸಣೆಗೆ ಒಳಗಾದವರು ಸುಮಾರು 1,12,000 ಮಂದಿ, ಪುಡಿ ಅಂಟಿದ್ದು 249 ಮಂದಿಗೆ. ನಮ್ಮ ದೇಶದಲ್ಲೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ ಬಂದ ಕೋಬಾಲ್ಟ್-60 ಒಬ್ಬ ಕಾರ್ಮಿಕನ ಜೀವ ತೆಗೆಯಿತು.

ಬ್ಯಾಡ್ಜ್ ಇಲ್ಲದವರ ಲೆಕ್ಕವನ್ನು ರಕ್ತದಲ್ಲಿ ಹುಡುಕಬಹುದು. ವಿಕಿರಣವು ಬಿಳಿ ರಕ್ತಕಣಗಳ ವರ್ಣತಂತುಗಳನ್ನು ಮುರಿಯುತ್ತದೆ. ಮುರಿದ ತುಂಡುಗಳು ಕೆಲವೊಮ್ಮೆ ತಪ್ಪಾಗಿ ಬೆಸೆದುಕೊಳ್ಳುತ್ತವೆ. "ಒಂದೇ ಸೊಂಟ ಇರಬೇಕಾದ ವರ್ಣತಂತುವಿಗೆ ಎರಡು ಸೊಂಟ ಬರುತ್ತದೆ ಮಕ್ಕಳೇ" ಎಂದು ನಾವು ತರಗತಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು, ಆದರೆ ಮರೆಯಲಿಲ್ಲ. ನಾವು ಓದಿದ್ದು ಬಿ.ಎ., ವಿಜ್ಞಾನವನ್ನು ನಾವೂ ಹೀಗೇ ನೆನಪಿಡುವುದು.

ಆರೋಗ್ಯವಂತರಲ್ಲಿ ಇಂಥದ್ದು ಸಾವಿರ ಕೋಶಗಳಿಗೆ ಒಂದೋ ಎರಡೋ. ವಿಕಿರಣ ಹೆಚ್ಚು ತಾಗಿದಷ್ಟೂ ಇವು ಹೆಚ್ಚುತ್ತವೆ. ರಕ್ತಕಣಗಳನ್ನು ಸುಮಾರು 48 ಗಂಟೆ ಬೆಳೆಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಸರಿಯಾದ ಅಂದಾಜಿಗೆ ಒಬ್ಬರದೇ 500 ಕೋಶ ನೋಡಬೇಕು, ತುರ್ತಿನಲ್ಲಿ 50 ಆದರೂ ಬೇಕು. ಒಂದೊಂದು ಕೋಶದಲ್ಲಿ 46 ವರ್ಣತಂತು! ನಲವತ್ತು ಉತ್ತರಪತ್ರಿಕೆ ತಿದ್ದುವಷ್ಟರಲ್ಲಿ ನಮ್ಮ ಕಣ್ಣು ಮಂಜಾಗುತ್ತದೆ. ಊರಿಗೆ ಊರೇ ಸಾಲಾಗಿ ನಿಂತರೆ ಎಣಿಸುವವರ ಗತಿಯೇನು?

ಇಲ್ಲಿ ಕೃತಕ ಬುದ್ಧಿಮತ್ತೆ ನೆರವಿಗೆ ಬರುತ್ತಿದೆ. ತಜ್ಞರು ಗುರುತು ಹಾಕಿದ ಚಿತ್ರಗಳನ್ನು ರಾಶಿ ರಾಶಿಯಾಗಿ ತೋರಿಸಿ ಕಂಪ್ಯೂಟರಿಗೆ ಎರಡು ಸೊಂಟದ ವರ್ಣತಂತುವನ್ನು ಕಲಿಸುತ್ತಾರೆ. ಕಲಿತ ಮೇಲೆ ಅದು ದಣಿಯದೆ ಎಣಿಸುತ್ತದೆ. ಹಾಗೆಂದು 48 ಗಂಟೆಯ ಕಾಯುವಿಕೆ ತಪ್ಪುವುದಿಲ್ಲ. ಒಂದರ ಮೇಲೊಂದು ಬಿದ್ದ ವರ್ಣತಂತುಗಳನ್ನು ನೋಡಿ ಅದೂ ಮೋಸಹೋಗುತ್ತದೆ. ಆದ್ದರಿಂದ ಅದು ಆರಿಸಿಕೊಟ್ಟದ್ದನ್ನು ಅನುಭವಸ್ಥರು ಮತ್ತೆ ನೋಡಬೇಕು.

ಲೆಕ್ಕ ತಪ್ಪಿದರೆ ಚಿಕಿತ್ಸೆ ಬೇಕಾದವರು ಮನೆಗೆ ಹೋಗುತ್ತಾರೆ, ಏನೂ ಆಗದವರು ಜೀವಮಾನವಿಡೀ ಹೆದರಿ ಬದುಕುತ್ತಾರೆ. ಯಂತ್ರ ಎಣಿಸಲಿ, ಕೊನೆಯ ಸಹಿ ಮನುಷ್ಯರದ್ದೇ ಇರಲಿ ಎನ್ನುವುದು ನಮ್ಮ ಅನಿಸಿಕೆ. ನೀವೇನಂತೀರಿ?