ಪಾಸ್‌ಬುಕ್ಕಿನ ಸೋರಿಕೆ

ಹನಿ ಹನಿ ಗೂಡಿದರೆ ಹಳ್ಳ ಎಂದು ಮಕ್ಕಳಿಗೆ ಉಳಿತಾಯದ ಪಾಠ ಹೇಳುತ್ತೇವೆ. ಹನಿ ಹನಿ ಸೋರಿದರೆ ಹಳ್ಳವೂ ಬತ್ತುತ್ತದೆ ಎಂಬುದನ್ನು ಹೇಳಲು ಮರೆಯುತ್ತೇವೆ.

ನಮ್ಮ ಬೀದಿಯ ತುದಿಯಲ್ಲಿ ಹೂ ಮಾರುವ ಹೆಂಗಸೊಬ್ಬರು ಹಿಂದೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರು. ಆಗ ಸಂಬಳಕ್ಕೆಂದು ತೆರೆದ ಖಾತೆಯಲ್ಲಿ ಮಗಳ ಫೀಸಿಗಾಗಿ 900 ರೂಪಾಯಿ ಉಳಿಸಿದ್ದರು. ಒಂದು ವರ್ಷ ಬಿಟ್ಟು ತೆಗೆಯಲು ಹೋದರೆ ಹಣವಿಲ್ಲ. ಪಾಸ್‌ಬುಕ್ಕಿನಲ್ಲಿ ಮೈನಸ್ ಗುರುತು. "ಸಾರ್, ನಾನು ಸಾಲನೇ ಮಾಡಿಲ್ಲ. ಬಾಕಿ ಎಲ್ಲಿಂದ ಬಂತು?" ಎಂದು ನನ್ನ ಹತ್ತಿರ ಬಂದರು.

ಸಂಬಳ ನಿಂತ ಮೇಲೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿತ್ತು. ಅದರಲ್ಲಿ ಇಷ್ಟು ಕನಿಷ್ಠ ಹಣ ಇರಲೇಬೇಕೆಂಬ ಷರತ್ತು. ಇಲ್ಲದಿದ್ದರೆ ದಂಡ. ವಿಚಿತ್ರ ನೋಡಿ, ಹಣ ಇರುವವನಿಗೆ ಈ ದಂಡವಿಲ್ಲ, ಇಲ್ಲದವನಿಗೇ ಇದೆ!

"ನೀವೇ ಸಹಿ ಹಾಕಿದ್ದೀರಲ್ಲ" ಎಂದರು ಬ್ಯಾಂಕಿನವರು. ಆ ಸಹಿಯ ಕಥೆ ನನಗೆ ಗೊತ್ತು. ಅರ್ಜಿಯ ಮೇಲೆ ಪೆನ್ಸಿಲಿನಿಂದ ಇಂಟು ಮಾರ್ಕ್ ಇರುತ್ತದೆ, ಜನ ಅಲ್ಲಲ್ಲಿ ಸಹಿ ಹಾಕುತ್ತಾರೆ. ಷರತ್ತು ಬರೆಯುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಚೌಕಾಸಿಗೆ ಅಲ್ಲಿ ಜಾಗವೇ ಇಲ್ಲ.

ಆದರೆ ಬ್ಯಾಂಕುಗಳಿಗೂ ಷರತ್ತುಗಳಿವೆ. ರಿಸರ್ವ್ ಬ್ಯಾಂಕಿನ ನಿಯಮ 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದಂಡ ಹಾಕುವ ಮೊದಲು ಗ್ರಾಹಕರಿಗೆ ತಿಳಿಸಿ, ಕೊರತೆ ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡ ಕೊರತೆಗೆ ತಕ್ಕಷ್ಟೇ ಇರಬೇಕು. ಮಕ್ಕಳೇ, 2000 ಇರಬೇಕಾದಲ್ಲಿ 1500 ಇದ್ದರೆ, ಲೆಕ್ಕ ಹಾಕಬೇಕಾದ್ದು ಕಡಿಮೆಯಾದ 500ರ ಮೇಲೆ. ಈ ದಂಡದಿಂದಲೇ ಖಾತೆ ಮೈನಸ್ಸಿಗೆ ಇಳಿಯುವಂತಿಲ್ಲ.

ಇದನ್ನೆಲ್ಲ ಕನ್ನಡದಲ್ಲೇ ಅರ್ಜಿ ಬರೆದು ಕೊಟ್ಟೆವು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆವು. ಮೈನಸ್ ಹೋಯಿತು. ಖಾತೆಯನ್ನು ಕನಿಷ್ಠ ಹಣ ಬೇಡದ ಮೂಲ ಉಳಿತಾಯ ಖಾತೆಗೆ ಬದಲಾಯಿಸಿದರು. ಹೋದ 900 ಮಾತ್ರ ಬರಲಿಲ್ಲ. ಎಚ್ಚರಿಕೆಯ ಮೆಸೇಜು ಅವರ ಹಳೆಯ ಮೊಬೈಲ್ ನಂಬರಿಗೆ ಹೋಗಿತ್ತಂತೆ. ಒಂಬೈನೂರು ಎಂದರೆ ಎಷ್ಟು ಮೊಳ ಹೂವು, ನೀವೇ ಲೆಕ್ಕ ಹಾಕಿ.

ಸಹಿ ಹಾಕಿದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂಬುದನ್ನೇ ಹೆಸರಿಸಿದೆ. ಆದ ನಷ್ಟಕ್ಕೂ ಮೀರಿದ ದಂಡ, ಅತಿಯಾದ ಮುಂಗಡ ಠೇವಣಿ, ಸಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವ ಹಕ್ಕು, ಇವೆಲ್ಲ ಅದರಲ್ಲಿ ಸೇರುತ್ತವೆ. ಎಲ್ಲಿ ಹೇಳಿಕೊಳ್ಳುವುದೆಂದು ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬ್ಯಾಂಕಿಗೆ ಬರೆದು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಅಜ್ಜ ಅಜ್ಜಿಯರೇ, ಬ್ಯಾಂಕಿನಲ್ಲಿರುವುದು ನಿಮ್ಮ ಈಗಿನ ಫೋನ್ ನಂಬರೇ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಪಾಸ್‌ಬುಕ್ ತುಂಬಿಸಿ ತಂದು ಮೊಮ್ಮಕ್ಕಳ ಕೈಗೆ ಕೊಡಿ. ಅವರ ಕಣ್ಣು ಚುರುಕು. ಮಕ್ಕಳೇ, 'ಚಾರ್ಜಸ್' ಎಂದಿರುವ ಸಾಲುಗಳ ಕೆಳಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬ್ಯಾಂಕಿಗೆ ಹೋದಾಗ ಒಂದೊಂದಕ್ಕೂ "ಇದು ಯಾತಕ್ಕೆ?" ಎಂದು ಕೇಳಿಸಿ. ಹಾಗೆ ಕೇಳಲು ಯಾವ ಕನಿಷ್ಠ ಹಣವೂ ಬೇಕಿಲ್ಲ.